ಭುಜ ‘ಜಾರಿದೆ’ ಅಂದರೆ ಏನು ಜಾರಿದೆ? ಎಸಿ ಜಾಯಿಂಟ್ ಪೆಟ್ಟು ಬಿದ್ದವರಿಗೆ ಒಂದು ಕೈಪಿಡಿ

ಹುರುಳಿ ಒಕ್ಕಣೆ ಸಮಯದಲ್ಲಿ ನಾಗಮಂಗಲದ ಕಡೆ ಬೈಕ್ ಓಡಿಸಿದವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ರಸ್ತೆ ತುಂಬ ಹುರುಳಿ ಗಿಡ ಹರಡಿರುತ್ತಾರೆ. ಕಾರು, ಬಸ್ಸು ತುಳಿದು ತುಳಿದು ಒಕ್ಕಣೆ ತಾನಾಗೇ ಆಗುತ್ತದೆ, ಕೆಳಗೆ ಉದುರಿದ ಕಾಳು ಮಾತ್ರ ಬೈಕಿನ ಟೈರಿಗೆ ಗೋಲಿ ಚೆಲ್ಲಿದ ಹಾಗಿರುತ್ತದೆ. ಎರಡು ವರ್ಷದ ಹಿಂದೆ ಒಂದು ಸಂಜೆ ಅದರ ಮೇಲೆ ಬ್ರೇಕ್ ಹಿಡಿದೆ. ಮುಂದಿನ ಚಕ್ರ ಜಾರಿತು, ಎಡ ಭುಜದ ತುದಿ ನೇರವಾಗಿ ಟಾರಿಗೆ ಬಡಿಯಿತು. ಕೈ ಊರುವುದಕ್ಕೂ ಪುರುಸೊತ್ತು ಸಿಗಲಿಲ್ಲ.

ಎದ್ದು ಕೂರುವಷ್ಟರಲ್ಲಿ ಸುತ್ತ ನಾಲ್ಕು ಜನ. ಬೈಕ್ ನಿಲ್ಲಿಸಿ ಬಂದ ಒಬ್ಬ, “ಜಾರೈತೆ ಕಣಣ್ಣ, ಒಂದ್ಸಲ ಎಳ್ದ್‌ಬುಟ್ರೆ ಕೂತ್ಕತದೆ” ಅಂತ ನನ್ನ ಮಣಿಕಟ್ಟಿಗೆ ಕೈ ಹಾಕಿಯೇಬಿಟ್ಟ. ಹುರುಳಿ ಕೊಡವುತ್ತಿದ್ದ ಹಿರಿಯರೊಬ್ಬರು, “ಸುಮ್ಕಿರ್ಲಾ, ಮುಟ್‌ಬ್ಯಾಡ” ಅಂತ ಅವನನ್ನು ಗದರಿ, ತಮ್ಮ ಹೆಗಲ ಮೇಲಿದ್ದ ಹಸಿರು ಟವಲ್ ತೆಗೆದು ನನ್ನ ಕೈಯನ್ನು ಕತ್ತಿಗೆ ಕಟ್ಟಿದರು. ಮೊಣಕೈ ಕೆಳಗೆ ಟವಲ್ ಬರುವ ಹಾಗೆ, ಕೈಯ ಭಾರ ಪೂರ್ತಿ ಅದರ ಮೇಲೆ ಕೂರುವ ಹಾಗೆ. ಆ ದಿನ ನನಗೆ ಸಿಕ್ಕ ಸರಿಯಾದ ಚಿಕಿತ್ಸೆ ಅದೊಂದೇ ಅಂತ ಗೊತ್ತಾಗಿದ್ದು ಹತ್ತು ದಿನ ಕಳೆದ ಮೇಲೆ.

ನಾನು ಡಾಕ್ಟರ್ ಅಲ್ಲ. ಬಿದ್ದು, ಅಲೆದು, ಮೂಳೆ ಡಾಕ್ಟರನ್ನೂ ಫಿಸಿಯೋಥೆರಪಿ ಮಾಡಿಸಿದವರನ್ನೂ ಪ್ರಶ್ನೆ ಕೇಳಿ ಕೇಳಿ ತಲೆ ತಿಂದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದಿ ಆಸ್ಪತ್ರೆಗೆ ಹೋಗೋದು ತಪ್ಪಿಸಬೇಡಿ. ಹೋದಾಗ ಏನು ಕೇಳಬೇಕು ಅಂತ ಗೊತ್ತಾದರೆ ಸಾಕು.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ

ನಮ್ಮ ಕಡೆ ಭುಜಕ್ಕೆ ಏನೇ ಆಗಲಿ, “ಕೀಲು ತಪ್ಪಿದೆ”, “ಭುಜ ಜಾರಿದೆ” ಅಂತ ಒಂದೇ ಮಾತಲ್ಲಿ ಮುಗಿಸುತ್ತೇವೆ. ಆದರೆ ಆ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಪೆಟ್ಟುಗಳಿವೆ, ಮೂರಕ್ಕೂ ಚಿಕಿತ್ಸೆ ಬೇರೆ. ತೊಂದರೆ ಶುರುವಾಗೋದೇ ಇಲ್ಲಿಂದ.

ಒಂದು, ತೋಳಿನ ಮೂಳೆಯ ಗುಂಡು ಅದರ ಬಟ್ಟಲಿನಿಂದ ಆಚೆ ಬರೋದು. ಇದು ನಿಜವಾಗಿ ಭುಜ ಜಾರೋದು. ಡಾಕ್ಟರು ಡಿಸ್ಲೊಕೇಶನ್ ಅನ್ನುತ್ತಾರೆ. ಭುಜದ ದುಂಡಗಿನ ಆಕಾರ ಹೋಗಿ ಚೌಕವಾಗಿ ಕಾಣುತ್ತದೆ, ಕೈ ಮೈಯಿಂದ ಸ್ವಲ್ಪ ದೂರಕ್ಕೆ ಸೆಟೆದು ನಿಲ್ಲುತ್ತದೆ, ಹತ್ತಿರ ತರಲು ಆಗೋದಿಲ್ಲ. ಇದನ್ನು ಮತ್ತೆ ಕೂರಿಸಬೇಕಾಗುತ್ತದೆ, ಅದು ಆಸ್ಪತ್ರೆಯಲ್ಲಿ ಮಾಡುವ ಕೆಲಸ. ಎರಡು, ಕಾಲರ್ ಬೋನ್ ಮುರಿಯೋದು. ಸಾಮಾನ್ಯವಾಗಿ ಮೂಳೆಯ ನಡುಭಾಗದಲ್ಲೇ ಮುರಿಯುತ್ತದೆ, ನೋವೂ ಅಲ್ಲೇ.

ಮೂರನೆಯದು ನನಗಾದದ್ದು. ಕಾಲರ್ ಬೋನಿನ ಹೊರತುದಿ ಭುಜದ ಮೇಲ್ಚಾವಣಿ ಮೂಳೆಗೆ ಸೇರುವ ಜಾಗದಲ್ಲಿ ಬಿಗಿದು ಹಿಡಿದ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟುವ ನಾರು, ಹರಿಯೋದು. ಇದಕ್ಕೆ ಶೋಲ್ಡರ್ ಸೆಪರೇಶನ್ ಅಂತಲೂ ಎಸಿ ಜಾಯಿಂಟ್ ಇಂಜುರಿ ಅಂತಲೂ ಹೆಸರು. ಎಸಿ ಅಂದರೆ ಅಕ್ರೋಮಿಯೋ ಕ್ಲಾವಿಕ್ಯುಲರ್. ನಮ್ಮಮ್ಮ ಫೋನಿನಲ್ಲಿ ನೆಂಟರಿಗೆಲ್ಲ “ಮಗನಿಗೆ ಎಸಿ ಕೆಟ್ಟಿದೆಯಂತೆ” ಅಂತ ಹೇಳಿಕೊಂಡು ಬಂದಿದ್ದರು, ಒಬ್ಬರು ಮೆಕ್ಯಾನಿಕ್ ನಂಬರೂ ಕಳಿಸಿದರು.

ಈ ಪೆಟ್ಟಿನ ಗುರುತು ಏನು? ಭುಜದ ಮೇಲ್ಗಡೆ, ಹೊರತುದಿಗೆ ಹತ್ತಿರ, ಒಂದು ಬೆರಳಿಟ್ಟು “ಇಲ್ಲೇ” ಅಂತ ತೋರಿಸುವಷ್ಟು ಖಚಿತವಾದ ನೋವು. ಅಲ್ಲೇ ಊತ, ಪೆಟ್ಟು ಜೋರಾಗಿದ್ದರೆ ಒಂದು ಗುಬ್ಬು. ಪೆಟ್ಟಾದ ಕೈಯನ್ನು ಎದೆ ಮೇಲೆ ಹಾಯಿಸಿ ಆ ಕಡೆ ಭುಜ ಮುಟ್ಟಲು ಹೋದರೆ ಪ್ರಾಣ ಹೋದ ಹಾಗಾಗುತ್ತದೆ. ಗುಬ್ಬನ್ನು ಒತ್ತಿದರೆ ಹಾರ್ಮೋನಿಯಂ ಮನೆ ಒತ್ತಿದ ಹಾಗೆ ಕೆಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಡಾಕ್ಟರುಗಳು ಇದನ್ನು ಪಿಯಾನೋ ಕೀ ಅನ್ನುತ್ತಾರೆ. ಒತ್ತಿ ನೋಡುವ ಕೆಲಸ ಅವರಿಗೇ ಬಿಡಿ. ಮನೆಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಒತ್ತಿ ನೋಡುವಂಥದ್ದಲ್ಲ ಅದು.

ಒಳಗೆ ಏನಾಗಿರುತ್ತದೆ

ಇದು ಅರ್ಥವಾದರೆ ಮುಂದಿನದೆಲ್ಲ ಸುಲಭ. ನಮ್ಮ ಕೈ ಮೈಗೆ ಅಂಟಿಕೊಂಡಿರೋದು ಮೂಳೆಯ ಲೆಕ್ಕದಲ್ಲಿ ಒಂದೇ ಕಡೆಯಿಂದ, ಅದು ಕಾಲರ್ ಬೋನ್. ಎದೆಗೂಡಿನ ನಡುವಿನಿಂದ ಹೊರಟ ತೊಲೆ ಅಂದುಕೊಳ್ಳಿ. ಅದರ ತುದಿಗೆ ಬೆನ್ನ ಮೇಲಿನ ರೆಕ್ಕೆ ಮೂಳೆ, ಅದರ ಜೊತೆ ಇಡೀ ಕೈ, ಎರಡು ಕಟ್ಟುಗಳ ಮೇಲೆ ನೇತಾಡುತ್ತಿವೆ. ಮೊದಲ ಕಟ್ಟು ಕೀಲಿನ ಸುತ್ತಲೇ ಇರುವ ಎಸಿ ಲಿಗಮೆಂಟ್. ಇದು ಮೂಳೆ ಹಿಂದೆ ಮುಂದೆ ಸರಿಯದ ಹಾಗೆ ಹಿಡಿಯುತ್ತದೆ. ಎರಡನೆಯದು ಅದರಿಂದ ಸ್ವಲ್ಪ ಒಳಗೆ, ಕಾಲರ್ ಬೋನಿನಿಂದ ಕೆಳಗಿನ ಕೊರಕಾಯ್ಡ್ ಅನ್ನುವ ಮೂಳೆಗೆ ಇಳಿದಿರುವ ಸಿಸಿ ಲಿಗಮೆಂಟ್, ಎರಡು ಎಳೆಯದ್ದು. ಕೊರಕಾಯ್ಡ್ ಅಂದರೆ ಕಾಗೆ ಜಾತಿಯ ಹಕ್ಕಿಯ ಕೊಕ್ಕಿನ ಹಾಗಿರೋದು ಅಂತ ಅರ್ಥವಂತೆ, ಎಕ್ಸ್‌ರೇಯಲ್ಲಿ ನೋಡಿದರೆ ಹೌದು ಅನಿಸುತ್ತದೆ. ಕೈಯ ಭಾರ ಹೊತ್ತಿರೋದು ಮುಖ್ಯವಾಗಿ ಈ ಎರಡನೇ ಕಟ್ಟು.

ಎತ್ತಿನ ಗಾಡಿ ನೋಡಿದವರಿಗೆ ಇನ್ನೂ ಬೇಗ ತಿಳಿಯುತ್ತದೆ. ನೊಗ ಕಟ್ಟಿದ ಮಿಣಿ ಹರಿದರೆ ಮರ ಮುರಿದಿರೋದಿಲ್ಲ, ಆದರೂ ಗಾಡಿ ವಾಲುತ್ತದೆ ಅಲ್ವಾ, ಇಲ್ಲಿಯೂ ಹಾಗೇ.

ನಾನು ತುಂಬಾ ದಿನ ತಪ್ಪು ತಿಳಿದುಕೊಂಡಿದ್ದ ವಿಷಯ ಒಂದಿದೆ. ಭುಜದ ಮೇಲೆ ಗುಬ್ಬು ಕಂಡಾಗ ಮೂಳೆ ಮೇಲೆದ್ದಿದೆ ಅನಿಸುತ್ತದೆ. ಮುಖ್ಯವಾಗಿ ಆಗಿರೋದು ತಿರುಗುಮುರುಗು. ಕಟ್ಟು ಹರಿದದ್ದರಿಂದ ಕೈ ತನ್ನ ಭಾರಕ್ಕೆ ಕೆಳಗಿಳಿದಿರುತ್ತದೆ, ಕಾಲರ್ ಬೋನ್ ಹೆಚ್ಚುಕಮ್ಮಿ ಇದ್ದಲ್ಲೇ ಉಳಿದು ಎದ್ದು ಕಾಣುತ್ತದೆ. ಹಾಗಾಗಿ ಕೈ ಹಿಡಿದು ಕೆಳಕ್ಕೆ ಎಳೆದರೆ ಏನೂ “ಕೂತ್ಕೊಳ್ಳೋದಿಲ್ಲ”. ಉಳಿದಿರುವ ಒಂದೆರಡು ಎಳೆಯೂ ಹರಿಯಬಹುದು. ಮೊಣಕೈಗೆ ಕೆಳಗಿನಿಂದ ಆಸರೆ ಕೊಟ್ಟು ಕೈ ಮೇಲೆತ್ತಿದರೆ ಗುಬ್ಬು ತಗ್ಗುತ್ತದೆ, ನೋವೂ ತಗ್ಗುತ್ತದೆ. ಆ ಹಿರಿಯರ ಟವಲ್ ಮಾಡಿದ್ದು ಅದನ್ನೇ.

ಬಿದ್ದ ಮೊದಲ ಗಂಟೆ

ಏಳೋ ಮೊದಲು ತಲೆ, ಕತ್ತು, ಉಸಿರು ನೋಡಿಕೊಳ್ಳಿ. ಕತ್ತಿನ ನಡುವೆ ನೋವಿದ್ದರೆ, ಪ್ರಜ್ಞೆ ತಪ್ಪಿದ್ದರೆ, ಉಸಿರಾಡಲು ಕಷ್ಟವಾದರೆ, ಕೈ ಬೆರಳು ಜೋಮು ಹಿಡಿದರೆ ಅಥವಾ ತಣ್ಣಗಾಗಿ ಬಣ್ಣ ಬದಲಾದರೆ, ಗುಬ್ಬಿನ ಮೇಲಿನ ಚರ್ಮ ಬಿಳಿಚಿಕೊಂಡು ಒಳಗಿಂದ ಚುಚ್ಚಿದ ಹಾಗೆ ಬಿಗಿದಿದ್ದರೆ, ಅಥವಾ ಅಲ್ಲೇ ಗಾಯವಾಗಿ ರಕ್ತ ಬರುತ್ತಿದ್ದರೆ, ಯಾರದೋ ಬೈಕಿನ ಹಿಂದೆ ಕೂತು ಹೋಗಬೇಡಿ, 108ಕ್ಕೆ ಫೋನ್ ಮಾಡಿ. ಭುಜಕ್ಕೆ ಜೋರಾಗಿ ಬಡಿದಾಗ ಪಕ್ಕೆಲುಬಿಗೂ ಶ್ವಾಸಕೋಶಕ್ಕೂ ಪೆಟ್ಟಾಗಿರಬಹುದು, ಭುಜದ ನೋವಿನ ಗದ್ದಲದಲ್ಲಿ ಅದು ಗೊತ್ತಾಗೋದಿಲ್ಲ.

ಇದೇನೂ ಇಲ್ಲ ಅಂದರೆ ಟವಲ್, ಪಂಚೆ, ದುಪಟ್ಟಾ, ಏನು ಸಿಕ್ಕಿದರೂ ಕೈ ಕಟ್ಟಿ. ಉಂಗುರ, ವಾಚು, ಬಳೆ ಆಗಲೇ ತೆಗೆದುಬಿಡಿ, ಆಮೇಲೆ ಬೆರಳು ಊದಿಕೊಂಡರೆ ಉಂಗುರವನ್ನೇ ಕತ್ತರಿಸಬೇಕಾಗುತ್ತದೆ. ಐಸ್ ಬೇಕು. ನಮ್ಮ ರಸ್ತೆಗಳಲ್ಲಿ ಅದಕ್ಕೇನು ಬರ? ಕಬ್ಬಿನ ಹಾಲಿನ ಅಂಗಡಿ ಕಂಡಲ್ಲಿ ನಿಲ್ಲಿಸಿ ಒಂದು ಹಿಡಿ ಐಸ್ ಕೇಳಿದರೆ ಯಾರೂ ಇಲ್ಲ ಅನ್ನೋದಿಲ್ಲ. ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ, ತೆಗೆಯಿರಿ, ಒಂದೆರಡು ಗಂಟೆ ಬಿಟ್ಟು ಮತ್ತೆ ಇಡಿ. ನೇರವಾಗಿ ಚರ್ಮಕ್ಕೆ ಬೇಡ, ಸುಟ್ಟ ಹಾಗೆ ಗಾಯವಾಗುತ್ತದೆ.

ಮಾಡಬಾರದ್ದು: ಎಳೆಯೋದು, ತಿರುಗಿಸೋದು, ನೀವೋದು, ಶಾಖ ಕೊಡೋದು. ಮೊದಲ ಎರಡು ಮೂರು ದಿನ ಬಿಸಿ ಎಣ್ಣೆ ಹಚ್ಚಿ ಉಜ್ಜಿದರೆ ಊತ ಇನ್ನೂ ಏರುತ್ತದೆ. ಇದನ್ನು ನಮ್ಮತ್ತೆಗೆ ಹೇಳಿ ಒಪ್ಪಿಸೋದು ಪೆಟ್ಟಿಗಿಂತ ಕಷ್ಟವಾಯಿತು. ಹರಳೆಣ್ಣೆ ಕಾಯಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. ಕೊನೆಗೆ ಅದನ್ನು ಬಲಗಾಲಿಗೆ ಹಚ್ಚಿಸಿಕೊಂಡೆ, ಅವರಿಗೂ ಸಮಾಧಾನ, ನನಗೂ ತೊಂದರೆ ಇಲ್ಲ.

ಉಳುಕು ತೆಗೆಯುವವರು, ಮೂಳೆ ಕಟ್ಟುವವರು, ಪುತ್ತೂರು ಕಟ್ಟು, ಇವುಗಳ ಬಗ್ಗೆ ಕೇಳದವರಿಲ್ಲ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಬೇಜಾರಾದರೆ ಆಗಲಿ: ಎಕ್ಸ್‌ರೇ ನೋಡದೆ ಯಾರೂ ಭುಜ ಮುಟ್ಟಬಾರದು. ಗುಬ್ಬನ್ನು ಒತ್ತಿ ಬಿಗಿಯಾಗಿ ಕಟ್ಟು ಹಾಕಿದರೆ ಅದು ಅಲ್ಲೇ ಕೂತುಬಿಡುತ್ತದೆ ಅನ್ನೋದು ಕೇಳಲು ಚೆನ್ನಾಗಿದೆ. ಆಸ್ಪತ್ರೆಗಳಲ್ಲೂ ಒಂದು ಕಾಲದಲ್ಲಿ ಅಂಥ ಒತ್ತುಪಟ್ಟಿ ಹಾಕುತ್ತಿದ್ದರು. ವಾರಗಟ್ಟಲೆ ಒಂದು ಗಳಿಗೆಯೂ ಸಡಿಲ ಮಾಡದೆ ಇಟ್ಟುಕೊಳ್ಳಬೇಕಿತ್ತು, ಕೆಳಗಿನ ಚರ್ಮ ಹುಣ್ಣಾಗುತ್ತಿತ್ತು. ಈಗ ಬಹುತೇಕ ಕೈಬಿಟ್ಟಿದ್ದಾರೆ.

ಎಕ್ಸ್‌ರೇ: ನಿಂತುಕೊಂಡು, ಎರಡೂ ಭುಜ

ನಾನು ಮೊದಲು ಹೋದ ಕಡೆ ಮಲಗಿಸಿ ಒಂದೇ ಭುಜದ ಎಕ್ಸ್‌ರೇ ತೆಗೆದರು. “ಮೂಳೆ ಮುರಿದಿಲ್ಲ, ಉಳುಕು” ಅಂದರು. ಒಂದು ಇಂಜೆಕ್ಷನ್, ಒಂದು ಮುಲಾಮು. ಮೂಳೆ ಮುರಿದಿರಲಿಲ್ಲ ಅನ್ನೋದು ನಿಜವೇ. ಆದರೆ ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣೋದಿಲ್ಲ, ಮೂಳೆಗಳ ನಡುವಿನ ಅಂತರ ನೋಡಿ ಅದು ಹರಿದಿದೆಯೋ ಇಲ್ಲವೋ ಅಂತ ಊಹೆ ಮಾಡಬೇಕು. ಮಲಗಿದಾಗ ಕೈಯ ಭಾರ ಕೆಳಕ್ಕೆ ಜಗ್ಗೋದಿಲ್ಲ, ಅಂತರ ಮುಚ್ಚಿಹೋಗಿ ಎಲ್ಲ ಸರಿಯಿದ್ದ ಹಾಗೆ ಕಾಣಬಹುದು.

ಹತ್ತು ದಿನ ಕಳೆದು ಮೂಳೆ ತಜ್ಞರ ಹತ್ತಿರ ಹೋದಾಗ ಅವರು ಶರ್ಟು ತೆಗೆಸಿ, ಕನ್ನಡಿ ಮುಂದೆ ನಿಲ್ಲಿಸಿ, ಎರಡೂ ಭುಜ ನನಗೇ ತೋರಿಸಿದರು. ಬಲಗಡೆ ಇಳಿಜಾರು ನುಣ್ಣಗಿದೆ, ಎಡಗಡೆ ಮೆಟ್ಟಿಲು. ಅಷ್ಟು ದಿನ ಬನಿಯನ್ನಿನ ಒಳಗಿದ್ದ ಮೆಟ್ಟಿಲನ್ನು ನಾನೇ ಸರಿಯಾಗಿ ನೋಡಿಕೊಂಡಿರಲಿಲ್ಲ. ಆಮೇಲೆ ನಿಲ್ಲಿಸಿ, ಎರಡೂ ಭುಜ ಒಟ್ಟಿಗೆ ಬರುವ ಹಾಗೆ ಎಕ್ಸ್‌ರೇ ತೆಗೆಸಿದರು.

ಆದ್ದರಿಂದ ನೀವು ಕೇಳಬೇಕಾದದ್ದು ಇಷ್ಟು. ನಿಂತುಕೊಂಡು ಅಥವಾ ಕೂತುಕೊಂಡು ತೆಗೆಯುತ್ತೀರಾ? ಇನ್ನೊಂದು ಭುಜವನ್ನೂ ಹೋಲಿಸಿ ನೋಡುತ್ತೀರಾ? ಎಸಿ ಜಾಯಿಂಟ್‌ಗೇ ಅಂತ ಝಾಂಕಾ ವ್ಯೂ ಅನ್ನುವ ಎಕ್ಸ್‌ರೇ ಇದೆ, ಕಿರಣವನ್ನು 10ರಿಂದ 15 ಡಿಗ್ರಿ ಮೇಲ್ಮುಖವಾಗಿ ಬಿಡುತ್ತಾರೆ, ಆ ಕೀಲು ಬೇರೆ ಮೂಳೆಯ ನೆರಳಿಲ್ಲದೆ ಕಾಣುತ್ತದೆ. ಮೂಳೆ ಹಿಂದಕ್ಕೆ ಸರಿದಿದೆಯೇ ಅಂತ ನೋಡಲು ಕಂಕುಳ ಕಡೆಯಿಂದ ಇನ್ನೊಂದು ಫಿಲ್ಮ್ ಬೇಕಾಗಬಹುದು. ಹಿಂದೆಲ್ಲ ಎರಡೂ ಕೈಗೆ ತೂಕ ಕಟ್ಟಿ ಎಕ್ಸ್‌ರೇ ತೆಗೆಯುತ್ತಿದ್ದರು, ಈಗ ಹೆಚ್ಚಿನವರು ಅದು ಬೇಕಿಲ್ಲ ಅನ್ನುತ್ತಾರೆ. ಎಂಆರ್‌ಐ ಎಲ್ಲರಿಗೂ ಬೇಕಾಗೋದಿಲ್ಲ.

ಎಲ್ಲಿಗೆ ಹೋಗೋದು? ಮಂಡ್ಯದವರಿಗೆ ಮಿಮ್ಸ್, ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಎರಡೂ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು, ಮೂಳೆ ವಿಭಾಗ ಇರುತ್ತದೆ. ಖಾಸಗಿ ಕಡೆ ಹೋದರೂ ಮೂಳೆ ತಜ್ಞರೇ ನೋಡಲಿ. ರಸ್ತೆಯಲ್ಲಿ ಬಿದ್ದಿದ್ದರೆ ಹಾಗೇ ಹೇಳಿ. ಪೊಲೀಸ್ ಗೊಡವೆ ಯಾಕೆ ಅಂತ “ಬಚ್ಚಲಲ್ಲಿ ಜಾರಿದೆ” ಅಂದುಬಿಡುವವರು ಬಹಳ ಜನ. ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ಅಪಘಾತದ ದಾಖಲೆ, ಬರೆಯದೆ ಹೋದರೆ ಆಮೇಲೆ ಇನ್ಶೂರೆನ್ಸ್ ಕೇಳುವಾಗ ಅದೇ ತೊಡಕು.

ಗ್ರೇಡ್ ಯಾವುದು ಅಂತ ಕೇಳಿ ಬರೆದುಕೊಳ್ಳಿ

ಈ ಪೆಟ್ಟನ್ನು ಆರು ಬಗೆಯಾಗಿ ವಿಂಗಡಿಸುತ್ತಾರೆ. 1984ರಿಂದ ಬಳಕೆಯಲ್ಲಿರುವ ರಾಕ್‌ವುಡ್ ವಿಂಗಡಣೆ ಇದು. ಒಂದನೆಯದರಲ್ಲಿ ಎಸಿ ಲಿಗಮೆಂಟ್ ಬರೀ ಜಗ್ಗಿರುತ್ತದೆ, ಎಕ್ಸ್‌ರೇ ಮಾಮೂಲಿಯಾಗೇ ಇರುತ್ತದೆ. ಎರಡನೆಯದರಲ್ಲಿ ಅದು ಹರಿದಿರುತ್ತದೆ, ಸಿಸಿ ಮಾತ್ರ ಜಗ್ಗಿ ಉಳಿದಿರುತ್ತದೆ, ಸಣ್ಣ ಗುಬ್ಬು. ಮೂರನೆಯದರಲ್ಲಿ ಎರಡೂ ಹರಿದಿರುತ್ತವೆ. ಕಾಲರ್ ಬೋನಿಗೂ ಕೊರಕಾಯ್ಡಿಗೂ ನಡುವೆ ಸಾಮಾನ್ಯವಾಗಿ 11ರಿಂದ 13 ಮಿ.ಮೀ. ಅಂತರ ಇರುತ್ತದೆ, ಮೂರನೇ ಗ್ರೇಡಿನಲ್ಲಿ ಅದು ಚೆನ್ನಾಗಿರುವ ಭುಜಕ್ಕಿಂತ ಶೇ. 25ರಿಂದ 100ರಷ್ಟು ಹೆಚ್ಚಿರುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಐದನೆಯದು. ನಾಲ್ಕನೆಯದರಲ್ಲಿ ಮೂಳೆಯ ತುದಿ ಹಿಂದಕ್ಕೆ ಹೋಗಿ ಬೆನ್ನಿನ ಸ್ನಾಯುವಿಗೆ ಚುಚ್ಚಿಕೊಂಡಿರುತ್ತದೆ. ಆರನೆಯದು ಬಹಳ ಅಪರೂಪ, ಮೂಳೆ ಕೆಳಗೆ ಸಿಕ್ಕಿಕೊಂಡಿರುತ್ತದೆ.

ಒಂದು, ಎರಡಕ್ಕೆ ಆಪರೇಷನ್ ಬೇಡ. ನಾಲ್ಕು, ಐದು, ಆರಕ್ಕೆ ಸಾಮಾನ್ಯವಾಗಿ ಬೇಕು. ಮೂರು ಮಾತ್ರ ಬೇಲಿ ಮೇಲಿನ ಹಾವು, ಡಾಕ್ಟರಿಂದ ಡಾಕ್ಟರಿಗೆ ಮಾತು ಬದಲಾಗುತ್ತದೆ. ನನ್ನದು ಅದೇ.

ಒಬ್ಬರು ಪ್ಲೇಟ್ ಹಾಕಿಸಿ ಅಂದರು. ಇನ್ನೊಬ್ಬರು ಮೂರು ತಿಂಗಳು ವ್ಯಾಯಾಮ ಮಾಡಿ ನೋಡೋಣ ಅಂದರು. ಎರಡನೆಯವರು ಕೆನಡಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಮಾತು ತೆಗೆದರು. ಕೀಲು ಪೂರ್ತಿ ಬಿಟ್ಟಿದ್ದ 83 ಜನರಲ್ಲಿ ಕೆಲವರಿಗೆ ಹುಕ್ ಪ್ಲೇಟ್, ಅಂದರೆ ಕೊಕ್ಕೆಯಿರುವ ಲೋಹದ ಪಟ್ಟಿ, ಹಾಕಿ, ಉಳಿದವರಿಗೆ ಆಪರೇಷನ್ ಇಲ್ಲದೆ ನೋಡಿಕೊಂಡಿದ್ದರು. ಮೊದಲ ಮೂರು ತಿಂಗಳು ಆಪರೇಷನ್ ಆಗದವರ ಕೈಯೇ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಎರಡು ವರ್ಷಕ್ಕೆ ಎರಡೂ ಕಡೆಯವರು ಸರಿಸಮ. ಎಕ್ಸ್‌ರೇ ಮಾತ್ರ ಆಪರೇಷನ್ ಆದವರದ್ದು ಅಂದವಾಗಿತ್ತು. ನನಗೆ ಬೇಕಿದ್ದದ್ದು ಕೈ, ಎಕ್ಸ್‌ರೇ ಅಲ್ಲ. ಕಾಯೋಣ ಅಂತ ತೀರ್ಮಾನ ಮಾಡಿದೆ.

ಇದು ಎಲ್ಲರಿಗೂ ಅದೇ ಉತ್ತರ ಅಂತಲ್ಲ. ದಿನಾ ತಲೆ ಮೇಲೆ ಮೂಟೆ ಎತ್ತಿಡುವವರು, ಕೈ ಮೇಲೆತ್ತಿ ಗಾರೆ ಮಾಡುವವರು, ಕೈ ಬೀಸಿ ಎಸೆಯುವ ಆಟಗಾರರು ಇದ್ದರೆ ಡಾಕ್ಟರು ಬೇರೆ ರೀತಿ ಯೋಚಿಸಬಹುದು. ಹಾಗಾಗಿ ನಿಮ್ಮ ಕೆಲಸ ಏನು ಅಂತ ಅವರಿಗೆ ಬಿಡಿಸಿ ಹೇಳಿ. “ಬೇಸಾಯ” ಅಂದರೆ ಸಾಲದು, ಕಬ್ಬಿನ ಕಂತೆ ಹೊರುತ್ತೀರಾ, ಟ್ರ್ಯಾಕ್ಟರ್ ಓಡಿಸುತ್ತೀರಾ ಅಂತ ಹೇಳಬೇಕು. ಆಪರೇಷನ್ ಅಂತಲೇ ಆದರೆ ಮೊದಲ ಎರಡು ಮೂರು ವಾರದೊಳಗೆ ಮಾಡೋದು ಸುಲಭ, ತಡವಾದರೆ ಹರಿದ ಎಳೆಗಳು ಮುದುಡಿರುತ್ತವೆ, ಬೇರೆ ಕಡೆಯಿಂದ ಸ್ನಾಯುರಜ್ಜು ತಂದು ಕಟ್ಟಬೇಕಾಗಬಹುದು. ಹತ್ತು ದಿನ ಮುಲಾಮು ಹಚ್ಚಿಕೊಂಡು ಕೂತದ್ದಕ್ಕೆ ನನಗೆ ಹೊಟ್ಟೆ ಉರಿದಿದ್ದು ಇದಕ್ಕೇ.

ಯಾವ ಸಾಮಾನು ಹಾಕುತ್ತೀರಿ ಅಂತಲೂ ಕೇಳಿ. ಹುಕ್ ಪ್ಲೇಟ್ ಆದರೆ ಕೆಲವು ತಿಂಗಳಾದ ಮೇಲೆ ತೆಗೆಸಲು ಇನ್ನೊಂದು ಆಪರೇಷನ್, ಅದರ ಖರ್ಚು, ರಜೆ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ದಾರ ಮತ್ತು ಗುಂಡಿಯ ತರದ ಜೋಡಣೆಯಾದರೆ ಸಾಮಾನ್ಯವಾಗಿ ಒಳಗೇ ಬಿಡುತ್ತಾರೆ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಬರುತ್ತದೆಯೇ ಅಂತ ಅಡ್ಮಿಟ್ ಆಗುವ ಮೊದಲೇ ವಿಚಾರಿಸಿ, ಬಿಲ್ ಕಟ್ಟಿದ ಮೇಲಲ್ಲ.

ಸ್ಲಿಂಗ್ ಹಾಕಿದ ದಿನಗಳು

ಸ್ಲಿಂಗ್, ಅಂದರೆ ಕೈಯನ್ನು ಕತ್ತಿಗೆ ತೂಗುಹಾಕುವ ಚೀಲ, ಹಾಕಿಕೊಂಡವರಲ್ಲಿ ಅರ್ಧ ಜನ ತಪ್ಪಾಗಿ ಹಾಕಿಕೊಂಡಿರುತ್ತಾರೆ, ನಾನೂ ಹಾಗೇ ಓಡಾಡಿದೆ. ಮಣಿಕಟ್ಟು ಮಾತ್ರ ಪಟ್ಟಿಯಲ್ಲಿ ನೇತಾಡುತ್ತಿದ್ದರೆ ಪ್ರಯೋಜನವಿಲ್ಲ. ಮೊಣಕೈ ಚೀಲದ ಮೂಲೆಗೆ ಪೂರ್ತಿ ಕೂರಬೇಕು, ಅಂಗೈ ಮೊಣಕೈಗಿಂತ ಸ್ವಲ್ಪ ಮೇಲಿರಬೇಕು, ಪಟ್ಟಿ ಎಳೆದಾಗ ಭುಜ ಸ್ವಲ್ಪ ಮೇಲೆ ಬಂದ ಹಾಗೆ ಅನಿಸಬೇಕು. ಕತ್ತಿನ ಹತ್ತಿರ ಒಂದು ಕರವಸ್ತ್ರ ಮಡಚಿಡಿ, ಇಲ್ಲದಿದ್ದರೆ ಎರಡನೇ ದಿನಕ್ಕೆ ಉಜ್ಜಿ ಕೆಂಪಾಗುತ್ತದೆ.

ಎಷ್ಟು ದಿನ? ಒಂದನೇ ಗ್ರೇಡಿಗೆ ಕೆಲವು ದಿನ, ಹೆಚ್ಚೆಂದರೆ ಒಂದು ವಾರ. ಎರಡಕ್ಕೆ ಒಂದೆರಡು ವಾರ. ಮೂರಕ್ಕೆ ಎರಡು ಮೂರು ವಾರ. ನೋವು ತಗ್ಗಿದ ಹಾಗೆ ಬಿಡುತ್ತಾ ಬರಬೇಕು. “ಭದ್ರವಾಗಿರಲಿ” ಅಂತ ಎರಡು ತಿಂಗಳು ಹಾಕಿಕೊಂಡರೆ ಭುಜ ಬಿಗಿದು ಫ್ರೋಜನ್ ಶೋಲ್ಡರ್ ಆಗಬಹುದು, ಸಕ್ಕರೆ ಕಾಯಿಲೆ ಇರುವವರಿಗೆ ಮತ್ತು ನಲವತ್ತು ದಾಟಿದವರಿಗೆ ಈ ಅಪಾಯ ಜಾಸ್ತಿ.

ಮಾತ್ರೆ ಡಾಕ್ಟರು ಹೇಳಿದಷ್ಟೇ. ಅಂಗಡಿಯಿಂದ ನೋವಿನ ಮಾತ್ರೆ ಮೇಲೆ ಇನ್ನೊಂದು ನೋವಿನ ಮಾತ್ರೆ ಸೇರಿಸಬೇಡಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ತಿಳಿಸಿ.

ಇನ್ನು ದಿನದ ಬದುಕು. ಮುಂದೆ ಗುಂಡಿ ಇರುವ ಶರ್ಟೇ ಹಾಕಿ: ಹಾಕುವಾಗ ಪೆಟ್ಟಾದ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಕಂಕುಳು ತೊಳೆಯಲು ಕೈ ಎತ್ತಬೇಡಿ, ಸೊಂಟದಿಂದ ಮುಂದಕ್ಕೆ ಬಾಗಿ ಕೈಯನ್ನು ಸಡಿಲವಾಗಿ ನೇತುಬಿಡಿ, ಜಾಗ ತಾನಾಗೇ ಬಿಡುತ್ತದೆ. ಮಲಗೋದು ದೊಡ್ಡ ತಲೆನೋವು. ಮೊದಲ ವಾರ ನಾನು ದಿವಾನ್ ಮೇಲೆ ಮೂರು ದಿಂಬು ಒರಗಿಸಿ ಅರ್ಧ ಕೂತೇ ನಿದ್ದೆ ಮಾಡಿದೆ, ಮೊಣಕೈ ಕೆಳಗೆ ಇನ್ನೊಂದು ಸಣ್ಣ ದಿಂಬು. ಚಪ್ಪಟೆ ಮಲಗಿ ಏಳುವಾಗ ಕೈ ಊರಿಬಿಡುತ್ತೇವಲ್ಲ, ಆಗ ಆಗುವ ನೋವು ಬಿದ್ದಾಗಲೂ ಆಗಿರಲಿಲ್ಲ. ನೆಲದಿಂದ ಏಳಲು, ಇಂಡಿಯನ್ ಟಾಯ್ಲೆಟ್‌ನಿಂದ ಏಳಲು ಚೆನ್ನಾಗಿರುವ ಕೈಗೆ ಏನಾದರೂ ಹಿಡಿ ಸಿಗುವ ಹಾಗೆ ಮಾಡಿಕೊಳ್ಳಿ. ಬಸ್ಸಿನಲ್ಲಿ ಮೇಲಿನ ಕಂಬಿ ಮರೆತುಬಿಡಿ.

ವ್ಯಾಯಾಮ: ನಿಧಾನ, ಆದರೆ ದಿನಾ

ಬೆರಳು, ಮಣಿಕಟ್ಟು, ಮೊಣಕೈ ಮೊದಲ ದಿನದಿಂದಲೇ ಆಡಿಸುತ್ತಿರಬೇಕು. ಭುಜಕ್ಕೆ ಯಾವಾಗ ಅನ್ನೋದನ್ನು ಡಾಕ್ಟರು ಹೇಳುತ್ತಾರೆ, ಆಪರೇಷನ್ ಆದವರಿಗೆ ಸ್ಲಿಂಗೇ ಸುಮಾರು ಆರು ವಾರ ಇರಬಹುದು, ಅವರ ಲೆಕ್ಕ ಬೇರೆ.

ನನ್ನದು ಲೋಲಕದಿಂದ ಶುರುವಾಯಿತು. ಚೆನ್ನಾಗಿರುವ ಕೈಯನ್ನು ಟೇಬಲ್ ಮೇಲೆ ಊರಿ, ಮುಂದೆ ಬಾಗಿ, ಪೆಟ್ಟಾದ ಕೈಯನ್ನು ಬಾವಿಯ ಹಗ್ಗದ ಹಾಗೆ ಇಳಿಬಿಟ್ಟು ಸಣ್ಣ ಸುತ್ತು ಹಾಕೋದು. ಕೈಯಿಂದ ತಿರುಗಿಸಬಾರದು, ಮೈ ತೂಗಿದರೆ ಅದು ತಾನೇ ತೂಗಬೇಕು. ಆಮೇಲೆ ಗೋಡೆ. ಗೋಡೆ ಮುಂದೆ ನಿಂತು ಎರಡು ಬೆರಳನ್ನು ಇರುವೆ ಹರಿದ ಹಾಗೆ ಮೇಲಕ್ಕೆ ನಡೆಸೋದು, ಎಲ್ಲಿಗೆ ಮುಟ್ಟಿತೋ ಅಲ್ಲಿ ಪೆನ್ಸಿಲ್ ಗುರುತು. ನಮ್ಮ ಅಡುಗೆಮನೆ ಗೋಡೆಯಲ್ಲಿ ಆ ಗುರುತುಗಳು ಇನ್ನೂ ಇವೆ. ಮೊದಲನೆಯದು ಸ್ವಿಚ್ ಬೋರ್ಡಿನ ಮಟ್ಟ, ಕೊನೆಯದು ಕ್ಯಾಲೆಂಡರ್ ಮೊಳೆಗಿಂತ ಮೇಲೆ, ನಡುವೆ ಐದು ವಾರ. ಇದರ ಜೊತೆ ಎರಡೂ ರೆಕ್ಕೆ ಮೂಳೆಗಳನ್ನು ಹಿಂದಕ್ಕೆ ಕೂಡಿಸಿ ಐದು ಎಣಿಸಿ ಬಿಡೋದು. ಲಿಗಮೆಂಟ್ ಮಾಡುತ್ತಿದ್ದ ಕೆಲಸದ ಒಂದಷ್ಟನ್ನು ಇನ್ನು ಮುಂದೆ ಸ್ನಾಯುಗಳು ಮಾಡಬೇಕು, ಆದ್ದರಿಂದ ಈ ಕೊನೆಯದನ್ನು ಬಿಡಲೇಬೇಡಿ. ಕೈ ತಕ್ಕಮಟ್ಟಿಗೆ ಆಡಲು ಶುರುವಾದ ಮೇಲೆ ರಬ್ಬರ್ ಬ್ಯಾಂಡ್ ಎಳೆಯೋದು.

ಎಷ್ಟು ನೋವು ತಡೆದುಕೊಳ್ಳಬೇಕು? ಮಾಡುವಾಗ ಸ್ವಲ್ಪ ಎಳೆತ, ಸರಿ. ರಾತ್ರಿ ನಿದ್ದೆ ಕೆಡಿಸುವಷ್ಟು ಅಥವಾ ಮರುದಿನ ಊದಿಕೊಳ್ಳುವಷ್ಟು ಆದರೆ ನೀವು ಜಾಸ್ತಿ ಮಾಡಿದ್ದೀರಿ.

ಕೆಲಸಕ್ಕೆ, ಬೈಕಿಗೆ, ಅಖಾಡಕ್ಕೆ

ಗ್ರೇಡ್ ಒಂದರವರು ಸುಮಾರು ಎರಡು ವಾರದಲ್ಲಿ, ಎರಡರವರು ಆರು ವಾರದ ಹೊತ್ತಿಗೆ, ಮೂರರವರು ಮೂರು ತಿಂಗಳ ಆಸುಪಾಸಿನಲ್ಲಿ ಭಾರದ ಕೆಲಸಕ್ಕೆ ಬರಬಹುದು. ಕಚೇರಿ ಕೆಲಸ ಬೇಗ. ಆಪರೇಷನ್ ಆದರೆ ಭಾರಕ್ಕೂ ಆಟಕ್ಕೂ ನಾಲ್ಕರಿಂದ ಆರು ತಿಂಗಳು.

ಬೈಕ್ ಹತ್ತುವ ಮೊದಲು ನಿಂತ ಬೈಕ್ ಮೇಲೆ ಕೂತು ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹಿಡಿದಾಗ ಮೈ ಭಾರ ಕೈ ಮೇಲೆ ಬೀಳುವುದನ್ನು ಮುಂದೆ ವಾಲಿ ನೋಡಿ. ಮುಖ ಕಿವುಚಿದರೆ ಇನ್ನೂ ಸಮಯವಾಗಿಲ್ಲ. 2023ರ ಆಗಸ್ಟ್‌ನಿಂದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ಹೈವೇಯ ಮುಖ್ಯ ರಸ್ತೆಗೆ ಬೈಕ್ ಬಿಡೋದಿಲ್ಲ, ನಾವೆಲ್ಲ ಸರ್ವಿಸ್ ರಸ್ತೆಯವರು. ಅಲ್ಲಿಯ ಹಂಪು, ಗುಂಡಿ, ಎದುರಿನಿಂದ ಬರುವ ಟ್ರ್ಯಾಕ್ಟರು ನೋಡಿದರೆ ಎರಡೂ ಕೈ ಗಟ್ಟಿಯಿಲ್ಲದೆ ಹೋಗುವ ರಸ್ತೆ ಅದಲ್ಲ. ನಾನು ಏಳು ವಾರ ಕಾದೆ.

ಕುಸ್ತಿ, ಕಬಡ್ಡಿ ಆಡುವ ಹುಡುಗರಿಗೆ ಈ ಪೆಟ್ಟು ಮಾಮೂಲು. ಎದುರಾಳಿ ಮೇಲೆ ಬಿದ್ದಾಗ ಭುಜದ ತುದಿ ನೆಲಕ್ಕೆ ಬಡಿದರೆ ಮುಗಿಯಿತು. ದಸರಾ ಹತ್ತಿರ ಬಂದಾಗ ಗರಡಿಮನೆಯಲ್ಲಿ ಅರ್ಧ ಗುಣವಾದ ಭುಜ ಇಟ್ಟುಕೊಂಡು ಮೈಸೂರಿನ ದೊಡ್ಡಕೆರೆ ಮೈದಾನದ ಅಖಾಡಕ್ಕೆ ಇಳಿಯೋಣ ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಎರಡನೇ ಗ್ರೇಡ್ ಮೂರಾಗೋದು ಹೀಗೇ. ದಂಡ ಹೊಡೆಯೋದು, ಪುಷ್ ಅಪ್, ಬೆಂಚ್ ಪ್ರೆಸ್, ಡಿಪ್ಸ್, ಇವು ಈ ಕೀಲನ್ನೇ ಹಿಂಡುವ ವ್ಯಾಯಾಮಗಳು, ಕೊನೆಗೆ ಶುರು ಮಾಡಿ.

ರೈತರಿಗೆ ಒಂದು ಮಾತು. ಬೆನ್ನಿಗೆ ಹಾಕುವ 16 ಲೀಟರಿನ ಔಷಧಿ ಕ್ಯಾನಿನ ಪಟ್ಟಿ ಕೂರೋದು ಸರಿಯಾಗಿ ಈ ಗುಬ್ಬಿನ ಮೇಲೇ. ತುಂಬಿದ ಕ್ಯಾನು 16 ಕೆಜಿಗಿಂತ ಜಾಸ್ತಿ, ಅದೂ ಕುಲುಕಾಡುತ್ತಾ. ಹಾಲಿನ ಕ್ಯಾನು ಕೈಯಲ್ಲಿ ಹಿಡಿದು ಡೈರಿಗೆ ನಡೆಯೋದೂ ಹಾಗೇ, ಕೈಯನ್ನು ನೇರ ಕೆಳಕ್ಕೆ ಜಗ್ಗುತ್ತದೆ. ಎರಡಕ್ಕೂ ಮೂರು ತಿಂಗಳು ಬೇರೆಯವರನ್ನು ಹುಡುಕಿ. ಆಮೇಲೂ ಪಟ್ಟಿಯ ಕೆಳಗೆ ಮಡಚಿದ ಗೋಣಿ ತುಂಡೋ ಸ್ಪಂಜೋ ಇಟ್ಟು, ಅರ್ಧ ಕ್ಯಾನಿನಿಂದ ಶುರು ಮಾಡಿ.

ಗುಬ್ಬು ಹೋಗೋದಿಲ್ಲ

ಮೂರನೇ ಗ್ರೇಡಿನವರು ಆಪರೇಷನ್ ಇಲ್ಲದೆ ಗುಣವಾದರೆ ಮೆಟ್ಟಿಲು ಹಾಗೇ ಉಳಿಯುತ್ತದೆ. ಮೊದಮೊದಲು ಬೇಜಾರಾಗುತ್ತಿತ್ತು, ಈಗ ಮಗಳು ಅದರ ಮೇಲೆ ಗಲ್ಲ ಊರಿ ಟಿವಿ ನೋಡುತ್ತಾಳೆ. ಗುಬ್ಬು ಇದೆ ಅಂದ ಮಾತ್ರಕ್ಕೆ ಗುಣವಾಗಿಲ್ಲ ಅಂತಲ್ಲ. ಕೈ ಪೂರ್ತಿ ಮೇಲೇಳುತ್ತದೆಯೇ, ಭಾರ ಹಿಡಿಯುತ್ತದೆಯೇ, ಆ ಕಡೆ ಮಗ್ಗುಲಾಗಿ ಮಲಗಲು ಆಗುತ್ತದೆಯೇ, ಇದನ್ನು ನೋಡಿ.

ಮೂರು ತಿಂಗಳು ಬಿಡದೆ ವ್ಯಾಯಾಮ ಮಾಡಿದರೂ ಕೈ ಎದೆಗೆ ಅಡ್ಡ ತಂದಾಗ ಕಟಕಟ ಅಂತ ನೋವಾಗುತ್ತಿದ್ದರೆ, ಕೈ ಬೇಗ ಸೋತು ಬೀಳುತ್ತಿದ್ದರೆ, ರೆಕ್ಕೆ ಮೂಳೆ ಒಂದು ಕಡೆ ಎದ್ದು ಕಾಣುತ್ತಿದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ. ಆಗಲೂ ದಾರಿ ಇದೆ. ತಡವಾಗಿ ಮಾಡುವ ಆಪರೇಷನ್ ಇದೆ, ಕೀಲು ಸವೆದು ನೋಯುತ್ತಿದ್ದರೆ ಅದಕ್ಕೆ ಇಂಜೆಕ್ಷನ್ ಇದೆ. ಹೋಗುವಾಗ ಮೊದಲ ದಿನದ ಎಕ್ಸ್‌ರೇಯಿಂದ ಎಲ್ಲ ಫಿಲ್ಮೂ ತೆಗೆದುಕೊಂಡು ಹೋಗಿ. ಫೋಟೋ ತೆಗೆದಿದ್ದೇನೆ ಸಾರ್ ಅಂತ ಮೊಬೈಲ್ ಮುಂದೆ ಹಿಡಿದರೆ ಮಿಲಿಮೀಟರ್ ಅಳೆಯಲು ಆಗೋದಿಲ್ಲ, ಮತ್ತೆ ಹೊಸದಾಗಿ ತೆಗೆಸಿ ಅನ್ನುತ್ತಾರೆ.